ಹಲಗೆಯ ಏಟು, ಸೂಜಿಯ ಏಟು

ಔಷಧಿ ಇರೋದು ನೋವು ಕಳೆಯೋದಕ್ಕೆ ಅಂತ ನಾವೆಲ್ಲ ನಂಬಿದ್ದೇವೆ. ಯಾರ ನೋವು ಅಂತ ಮಾತ್ರ ಕೇಳುವುದಿಲ್ಲ. ಬೀಗ ಜಡಿದ ಕಟ್ಟಡದೊಳಗೆ ಮೊದಲು ಕೇಳಬೇಕಾದ್ದು ಇದನ್ನೇ. ಅಮೆರಿಕದ ಇಂಡಿಯಾನಾ ರಾಜ್ಯದ ಹುಡುಗರು ಇದನ್ನು ಕೋರ್ಟಿಗೇ ಒಯ್ದರು.

ಕ್ಲೋರ್‌ಪ್ರೊಮಜಿನ್ ಎಂಬ ಔಷಧಿ 1950ರಲ್ಲಿ ಫ್ರಾನ್ಸಿನಲ್ಲಿ ತಯಾರಾಯಿತು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ಡಿಲೇ ಮತ್ತು ಡೆನಿಕರ್ ಅದನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. 1954ರಲ್ಲಿ ಅದು 'ಥೋರಜಿನ್' ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಬಂತು. ಎಷ್ಟೋ ರೋಗಿಗಳಿಗೆ ಅದರಿಂದ ಒಳ್ಳೆಯದಾಗಿದೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ಔಷಧಿ ಕಾವಲಿನವರ ಮಾತಿನಂತೆ ನಡೆದರೆ ಏನಾಗುತ್ತೆ?

ಪ್ಲೇನ್‌ಫೀಲ್ಡಿನ 'ಇಂಡಿಯಾನಾ ಬಾಯ್ಸ್ ಸ್ಕೂಲ್' ಹೆಸರಿಗೆ ಶಾಲೆ, ಒಳಗೆ ಬಂದೀಖಾನೆ. 1970ರ ದಶಕದ ಆರಂಭದಲ್ಲಿ, 300 ಮಂದಿಗೂ ಸಾಲದ ಆ ಜಾಗದಲ್ಲಿ ಸುಮಾರು 400 ಹುಡುಗರಿದ್ದರು. 12ರಿಂದ 18 ವರ್ಷದವರು. ಅವರಲ್ಲಿ ಮೂರರಲ್ಲೊಂದು ಪಾಲು ಹುಡುಗರು ಯಾವ ಕ್ರಿಮಿನಲ್ ಅಪರಾಧವನ್ನೂ ಮಾಡಿದವರಲ್ಲ. ಮನೋವೈದ್ಯರು ಸಿಗುತ್ತಿದ್ದದ್ದು ವಾರಕ್ಕೆ 4 ಗಂಟೆ. ಲೆಕ್ಕ ಹಾಕಿ ನೋಡಿ: ತಲೆಗೆ ಒಂದು ನಿಮಿಷವೂ ಇಲ್ಲ!

ತಪ್ಪು ಮಾಡಿದವನಿಗೆ ದಪ್ಪ ಮರದ ಹಲಗೆಯಿಂದ ಐದು ಏಟು. ರೇಗಾಡಿದವನಿಗೆ ಸೂಜಿ. ಕಾವಲಿನವರು ಹೇಳಿದರೆ ಸಾಕು. ವೈದ್ಯರು ಮೊದಲೇ ಬರೆದಿಟ್ಟ ಆದೇಶದ ಮೇಲೆ ನರ್ಸ್ ಥೋರಜಿನ್ ಅಥವಾ ಸ್ಪಾರಿನ್ ಚುಚ್ಚುತ್ತಿದ್ದರು. ಚುಚ್ಚುವ ಮೊದಲಾಗಲಿ ಆಮೇಲಾಗಲಿ ಹುಡುಗನ ಮೈ ಅದನ್ನು ತಡೆಯುತ್ತದೆಯೇ ಅಂತ ನೋಡುವವರಿಲ್ಲ. ಚಿಕಿತ್ಸೆಯ ಭಾಗವಾಗಿ ಅಲ್ಲ, ಬರೀ ಸುಮ್ಮನಾಗಿಸಲು. ಇದರಿಂದ ಉಸಿರುಗಟ್ಟಬಹುದು, ಕಾಮಾಲೆ ಬರಬಹುದು ಎಂಬ ಸಾಕ್ಷ್ಯ ಕೋರ್ಟಿನ ಮುಂದೆ ಬಂತು.

'ನೆಲ್ಸನ್ ವಿರುದ್ಧ ಹೇನ್' ಮೊಕದ್ದಮೆಯಲ್ಲಿ 1974ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಆ ಹೊಡೆತವೂ ಈ ಸೂಜಿಯೂ ಕ್ರೂರ ಶಿಕ್ಷೆ, ಸಂವಿಧಾನಕ್ಕೆ ವಿರುದ್ಧ ಎಂದಿತು. ಔಷಧಿಯನ್ನೇ ನಿಷೇಧಿಸಲಿಲ್ಲ, ವೈದ್ಯಕೀಯ ಕಟ್ಟುಪಾಡಿಲ್ಲದೆ ಕೊಡಬಾರದು ಎಂದಿತು. ನಮಗೆ ಈ ತೀರ್ಪು ದೊಡ್ಡದು. ಹಲಗೆ ಏಟಿಗೆ ಬಾಸುಂಡೆ ಏಳುತ್ತದೆ, ತೋರಿಸಬಹುದು. ಸೂಜಿ ಬಾಸುಂಡೆ ಬಿಡುವುದಿಲ್ಲ. ಕಾಣದ ಆ ಏಟನ್ನೂ ಏಟು ಅಂತ ಕರೆದದ್ದು ಈ ತೀರ್ಪು.

ಅಲ್ಲಿಗೆ ಮುಗಿಯಿತೇ? ಇಲ್ಲ. ಫ್ಲಾರಿಡಾದ ಬಾಲಾಪರಾಧಿ ಇಲಾಖೆ 2007ರಲ್ಲಿ, ಸಾಮಾನ್ಯ ನೋವಿನ ಮಾತ್ರೆ ಐಬುಪ್ರೊಫೆನ್‌ಗಿಂತ ಎರಡು ಪಟ್ಟು ಹೆಚ್ಚು ಸೆರೊಕ್ವೆಲ್ ಎಂಬ ಮನೋರೋಗದ ಮಾತ್ರೆ ಕೊಂಡಿತ್ತು. 2011ರಲ್ಲಿ 'ಪಾಮ್ ಬೀಚ್ ಪೋಸ್ಟ್' ಪತ್ರಿಕೆ ಇದನ್ನು ಬಯಲಿಗೆಳೆಯಿತು. ಸೂಜಿ ಹೋಗಿ ಮಾತ್ರೆ ಬಂದಿತ್ತು.

ಕಾಯಿಲೆ ಇರುವ ಹುಡುಗನಿಗೆ ಔಷಧಿ ಸಿಗಲೇಬೇಕು, ಅದು ಅವನ ಹಕ್ಕು. ಆದರೆ ಗೆಳೆಯರೇ, ಕೂಡಿಹಾಕಿದ ಹುಡುಗರು ಗಲಾಟೆಯಿಲ್ಲದೆ ಮಲಗಿದ್ದಾರೆ ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅಷ್ಟಕ್ಕೇ ತಲೆಯಾಡಿಸಬೇಡಿ. ಔಷಧಿಯ ಚೀಟಿ ಕೇಳಿ. ಬರೆದವರು ಯಾರು, ಯಾಕೆ ಬರೆದರು, ಹುಡುಗನನ್ನು ಮಾತಾಡಿಸಿ ಬರೆದರೋ ಅಂತ ಕೇಳಿ.