ಎರಡು ಗರಿ ತಾನೆ? ಕೀಲ್ಪಾಕ್‌ನ ಊಟದ ಮೇಜು, ಮಲೆನಾಡಿನ ಕಾಡುಕೋಳಿ

ವಿಡಿಯೊ ನೋಡೋಕೆ ಪುರುಸೊತ್ತು ಸಿಗದವರಿಗೆ, ಮೆಟ್ರೊದಲ್ಲಿ ನಿಂತುಕೊಂಡೇ ಓದುವವರಿಗೆ, ಈ ಸಲದ ಮಾತಿನ ಬರಹರೂಪ ಇದು. ಮಾತಿನ ಅವಸರದಲ್ಲಿ ಬಿಟ್ಟುಹೋದ ಒಂದೆರಡು ಇಸವಿಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಕೀಲ್ಪಾಕ್‌ನ ನನ್ನ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ, ಲ್ಯಾಪ್‌ಟಾಪ್ ಪಕ್ಕದಲ್ಲಿ, ಎರಡು ತಿಂಗಳಿಂದ ಒಂದು ಪುಟ್ಟ ವೈಸ್ ಕೂತಿದೆ. ಅದರ ಬಾಯಲ್ಲಿ ಒಂದು ಗಾಳ. ರಾತ್ರಿ ಅಮೆರಿಕದವರ ಜೊತೆ ಕಾಲ್ ಮುಗಿದ ಮೇಲೆ ನಾನು ಆ ಗಾಳಕ್ಕೆ ದಾರ ಸುತ್ತಿ, ಉಣ್ಣೆ ಸುತ್ತಿ, ಕೋಳಿಗರಿ ಕಟ್ಟಿ, ಹುಳದ ಹಾಗೆ ಕಾಣಿಸೋ ಹಾಗೆ ಮಾಡ್ತೀನಿ. ಇದಕ್ಕೆ ಫ್ಲೈ ಅಂತಾರೆ. ಎರೆಹುಳ, ಹಿಟ್ಟು ಏನೂ ಇಲ್ಲ. ಗರಿ ಮತ್ತು ದಾರ ಮಾತ್ರ. ನೀರಿನ ಮೇಲೆ ಬಿದ್ದ ನೊಣವೋ ಕೀಟವೋ ಅಂತ ಮೀನು ನಂಬಬೇಕು.

ನಾನಿನ್ನೂ ಹೊಸಬ. ಹೊಸಬರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಗಾಳದ ತುದಿಯಲ್ಲಿ ನೂಲು ಪೋಣಿಸೋಕೆ ಒಂದು ಕಣ್ಣು ಇರುತ್ತೆ. ಗರಿ, ಉಣ್ಣೆ ಎಲ್ಲ ಸುತ್ತುತ್ತಾ ಹೋಗಿ, ಕೊನೆಗೆ ಗಂಟು ಹಾಕೋಕೆ ಜಾಗವೇ ಉಳಿಯದೆ, ಆ ಕಣ್ಣೇ ಮುಚ್ಚಿಹೋಗುತ್ತೆ. ಮೊದಲ ಹನ್ನೊಂದು ಫ್ಲೈಗಳ ಕಣ್ಣು ಹೀಗೇ ಮುಚ್ಚಿತು. ಹನ್ನೆರಡನೆಯದು ಪರವಾಗಿಲ್ಲ ಅನ್ನಿಸಿತು.

ಆ ಧೈರ್ಯದಲ್ಲಿ ಸ್ವಲ್ಪ ಅಂದದ್ದನ್ನು ಕಟ್ಟೋಣ ಅಂತ ಹಳೆಯ ಸ್ಕಾಟಿಷ್ ಫ್ಲೈಗಳ ಪಾಕಪಟ್ಟಿ ತೆಗೆದೆ. ಹೌದು, ಪಾಕಪಟ್ಟಿಯೇ, ಅಡುಗೆಯ ಹಾಗೇ ಬರೆದಿರ್ತಾರೆ. ಬಹಳಷ್ಟು ಪಟ್ಟಿಗಳ ಕೊನೆಯಲ್ಲಿ ಒಂದೇ ಸಾಲು: ಜಂಗಲ್ ಕಾಕ್, ಎರಡು ಗರಿ, ಎಡಕ್ಕೊಂದು ಬಲಕ್ಕೊಂದು. ಏನಪ್ಪಾ ಇದು ಅಂತ ಚಿತ್ರ ಹುಡುಕಿದೆ. ನೋಡಿದರೆ ನಮ್ಮ ಕಾಡುಕೋಳಿ! ತೀರ್ಥಹಳ್ಳಿ ಕಡೆಯ ರಸ್ತೆಯಲ್ಲಿ ಬೆಳಗಿನ ಬಸ್ಸಿನ ಮುಂದೆ ಓಡಿ ದಾಟುತ್ತಲ್ಲ, ಅದೇ ಬೂದು ಬಣ್ಣದ ಹುಂಜ.

ಅದರ ಕತ್ತಿನ ಗರಿ ನೋಡಿ. ಕಪ್ಪು ಗರಿಯ ತುದಿಗೆ ಯಾರೋ ಬಿಳಿ, ಹಳದಿ ಮೇಣವನ್ನು ತೊಟ್ಟು ತೊಟ್ಟಾಗಿ ಇಟ್ಟ ಹಾಗೆ ಇರುತ್ತೆ. ನೀರಿನೊಳಗೆ ಅದು ಪುಟ್ಟ ಮೀನಿನ ಕಣ್ಣಿನ ಹಾಗೆ ಹೊಳೆಯುತ್ತೆ. ಈ ಹಕ್ಕಿ ಇರೋದು ನಮ್ಮ ದೇಶದಲ್ಲಿ ಮಾತ್ರ, ಅದರಲ್ಲೂ ಹೆಚ್ಚಾಗಿ ದಕ್ಷಿಣದ ಕಾಡುಗಳಲ್ಲಿ. ಹಾಗಾದರೆ ಸ್ಕಾಟ್ಲೆಂಡಿನ ಸಾಲ್ಮನ್ ಮೀನಿಗೂ ಪಶ್ಚಿಮ ಘಟ್ಟದ ಹುಂಜಕ್ಕೂ ಯಾವ ನಂಟು?

ಕೆಂಪು ಉಣ್ಣೆಯಿಂದ ಶುರು

ಫ್ಲೈ ಕಟ್ಟೋದು ಬಹಳ ಹಳೆಯ ವಿದ್ಯೆ. ಸುಮಾರು ಕ್ರಿ.ಶ. 200ರ ಹೊತ್ತಿಗೆ ರೋಮಿನ ಏಲಿಯನ್ ಎಂಬ ಲೇಖಕ, ಮ್ಯಾಸಿಡೋನಿಯದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಾರೆ ಅಂತ ಬರೆದಿದ್ದಾನೆ. ಎರಡೇ ಸಾಮಾನು. ಇವತ್ತು ಕೀಲ್ಪಾಕ್‌ನ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಕೆಂಪು ಉಣ್ಣೆ ಸಿಗುತ್ತೆ, ಕೋಳಿ ಅಂಗಡಿಯವರು ಗರಿಯನ್ನು ಪುಕ್ಕಟೆ ಕೊಡ್ತಾರೆ. ನನ್ನ ಹನ್ನೆರಡನೆಯ ಫ್ಲೈ ಇದೇ.

ನಮ್ಮ ಕಡೆ ಗಾಳದ ವಿದ್ಯೆ ಇರಲಿಲ್ಲವಾ? ಚೆನ್ನಾಗೇ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಅಂದರೆ ಆರನೇ ವಿಕ್ರಮಾದಿತ್ಯನ ಮಗ, ಇವತ್ತಿನ ಬಸವಕಲ್ಯಾಣದಲ್ಲಿ ಕೂತು 1129ರ ಸುಮಾರಿಗೆ ‘ಮಾನಸೋಲ್ಲಾಸ’ ಅಂತ ಸಂಸ್ಕೃತದಲ್ಲಿ ಒಂದು ವಿಶ್ವಕೋಶವನ್ನೇ ರಚಿಸಿದ. ಅದರಲ್ಲಿ ‘ಮತ್ಸ್ಯವಿನೋದ’ ಅಂತ ಒಂದು ಅಧ್ಯಾಯ ಇದೆ. ಮೀನಿನ ಜಾತಿಗಳು, ಅವು ಇರುವ ನೀರು, ಯಾವುದಕ್ಕೆ ಯಾವ ತಿನಿಸು ಕೊಟ್ಟು ಪಳಗಿಸಬೇಕು, ಗಾಳ, ದಾರ, ಕೋಲು ಎಲ್ಲ ಅದರಲ್ಲಿದೆ. ಮೀನುಗಳ ಶಾಸ್ತ್ರಜ್ಞ ಸುಂದರಲಾಲ್ ಹೋರಾ 1950ರ ದಶಕದ ಶುರುವಿನಲ್ಲಿ ಈ ಅಧ್ಯಾಯವನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಸೋಮೇಶ್ವರ ಹೇಳೋದು ಮೀನು ನಿಜವಾಗಿ ತಿನ್ನುವ ಎರೆಯ ಮಾತು. ಗರಿಯ ಹುಸಿಹುಳ ನಮ್ಮ ಹೊಳೆಗಳಿಗೆ ಬಂದದ್ದು ಬ್ರಿಟಿಷರ ಜೊತೆ.

ಮಂಗಳೂರಿನ ಕಲೆಕ್ಟರ್

ಆ ಕಥೆಯ ಮುಖ್ಯ ಮನುಷ್ಯ ಹೆನ್ರಿ ಸಲಿವನ್ ಥಾಮಸ್. ಮದ್ರಾಸ್ ಸಿವಿಲ್ ಸರ್ವಿಸ್‌ನವರು, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. 1873ರಲ್ಲಿ ಅವರ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕ ಹೊರಬಂತು. ಎಲ್ಲಿ? ಮಂಗಳೂರಿನಲ್ಲಿ! ನಮ್ಮ ಮಹಶೀರ್ ಮೀನು, ಅದೇ ತೂಕದ ಸಾಲ್ಮನ್‌ಗಿಂತ ಹೆಚ್ಚು ಜಗ್ಗಾಡುತ್ತೆ ಅಂತ ಅವರು ವಾದ ಮಾಡಿದರು. ಆ ಕಾಲದ ಇಂಗ್ಲಿಷರಿಗೆ ಇದು ದೊಡ್ಡ ಮಾತು. 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕೋದರ ಬಗ್ಗೆಯೇ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಬರೆದರು.

ಮಹಶೀರ್ ಯಾವುದು ಅಂತ ಕೇಳೋರಿಗೆ: ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕಿದ್ದೀರಲ್ಲ, ಆಗ ಬಾಯಿ ತೆರೆದು ಬಂದ ದೇವರ ಮೀನುಗಳಲ್ಲಿ ಈ ಜಾತಿಯವೂ ಇವೆ.

ಥಾಮಸ್ ಬರೀ ಶೋಕಿಗಾರರಲ್ಲ. ಮರಿಮೀನುಗಳನ್ನು ಬೆಳೆಯೋಕೆ ಬಿಡದೆ ಬಾಚಿದರೆ ಹೊಳೆ ಬರಿದಾಗುತ್ತೆ ಅನ್ನೋದು ಅವರ ಚಿಂತೆ. ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ 1870ರಲ್ಲೇ ವರದಿ ಬರೆದಿದ್ದರು. ಹೊಳೆಗೆ ವಿಷ ಹಾಕೋದು, ಸಿಡಿಮದ್ದು ಹಾಕೋದನ್ನು ತಡೆಯುವ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ. ಅಂದರೆ ನೀರೊಳಗಿನ ಜೀವದ ಬಗ್ಗೆ ಆಗಲೇ ಯೋಚನೆ ಶುರುವಾಗಿತ್ತು. ಗರಿ ಕೊಡುವ ಹಕ್ಕಿಯ ಸರದಿ ಬಂದದ್ದು ಅದಾದ ಮೇಲೆ.

ಗರಿ ಹೋದ ದಾರಿ

19ನೇ ಶತಮಾನದ ಮಧ್ಯದ ಹೊತ್ತಿಗೆ ಬ್ರಿಟನ್ನಿನ ಸಾಲ್ಮನ್ ಫ್ಲೈ ಒಂದು ಒಡವೆಯೇ ಆಗಿಬಿಟ್ಟಿತ್ತು. ಸಾಮ್ರಾಜ್ಯದ ಮೂಲೆಮೂಲೆಯ ಗರಿ ಅದಕ್ಕೆ ಬೇಕು. ‘ಜಾಕ್ ಸ್ಕಾಟ್’ ಅನ್ನೋ ಪ್ರಸಿದ್ಧ ಫ್ಲೈಯನ್ನೇ ತಗೊಳ್ಳಿ: ನವಿಲಿನ ಎಳೆ, ಚೀನಾದ ಬಂಗಾರಬಣ್ಣದ ಫೆಸೆಂಟ್, ಅಮೆರಿಕದ ಕಾಡಿನ ಗಿಳಿ, ಎರಡೂ ಕೆನ್ನೆಗೆ ನಮ್ಮ ಕಾಡುಕೋಳಿ. ತಮಾಷೆ ಅಂದರೆ, ಅವರು ‘ಇಂಡಿಯನ್ ಕ್ರೋ’ ಅಂತ ಕರೆಯೋ ಕೆಂಪು ಗರಿ ಭಾರತದ್ದೇ ಅಲ್ಲ, ದಕ್ಷಿಣ ಅಮೆರಿಕದ ಹಕ್ಕಿಯದ್ದು. ನಿಜವಾಗಿ ಇಲ್ಲಿಂದ ಹೋದ ಹಕ್ಕಿಯ ಹೆಸರಲ್ಲಿ ಇಂಡಿಯಾ ಇಲ್ಲ.

ಮೀನಿಗೆ ಇಷ್ಟೆಲ್ಲ ಬೇಕಾ? ಬೇಡ. ಮ್ಯಾಸಿಡೋನಿಯದ ಮೀನು ಕೆಂಪು ಉಣ್ಣೆಗೇ ಬೀಳ್ತಿತ್ತು. ಆ ಅಂದ ಬೇಕಾಗಿದ್ದು ಕೋಲು ಹಿಡಿದವರಿಗೆ.

ಫ್ಲೈಗಿಂತ ದೊಡ್ಡ ಹಸಿವು ಹೆಂಗಸರ ಟೋಪಿಗಳದ್ದು. ಲಂಡನ್ನಿನ ಹರಾಜಿನಲ್ಲಿ ಹಕ್ಕಿಯ ಚರ್ಮಗಳು ರಾಶಿರಾಶಿ ಮಾರಾಟವಾಗುತ್ತಿದ್ದ ಕಾಲ ಅದು. ಕೊನೆಗೆ 1902ರಲ್ಲಿ ಭಾರತ ಸರ್ಕಾರ ಕಾಡುಹಕ್ಕಿಗಳ ಗರಿ, ಚರ್ಮದ ರಫ್ತಿಗೆ ತಡೆ ಹಾಕಿತು. ಕದ್ದು ಸಾಗಿಸೋದು ಅಷ್ಟಕ್ಕೇ ನಿಲ್ಲಲಿಲ್ಲ. ಬ್ರಿಟನ್ ತನ್ನ ಕಡೆಯ ಬಾಗಿಲು ಮುಚ್ಚುವ ಕಾನೂನು ಮಾಡಿದ್ದು 1921ರಲ್ಲಿ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಕಾಡುಕೋಳಿಗೂ ಅದರ ರಕ್ಷಣೆ ಇದೆ.

ಆ ಹುಚ್ಚು ಸತ್ತಿದೆ ಅಂದುಕೊಳ್ಳಬೇಡಿ. 2009ರ ಜೂನ್‌ನಲ್ಲಿ ಎಡ್ವಿನ್ ರಿಸ್ಟ್ ಅನ್ನೋ 20 ವರ್ಷದ ಹುಡುಗ, ಲಂಡನ್ನಿನಲ್ಲಿ ಕೊಳಲು ಕಲಿಯೋಕೆ ಹೋದವನು, ಇಂಗ್ಲೆಂಡಿನ ಟ್ರಿಂಗ್‌ನಲ್ಲಿರುವ ವಸ್ತುಸಂಗ್ರಹಾಲಯದ ಕಿಟಕಿ ಒಡೆದು 299 ಹಕ್ಕಿಗಳ ಚರ್ಮ ಕದ್ದ. ಅವುಗಳಲ್ಲಿ ವಿಕಾಸವಾದದ ಆಲ್ಫ್ರೆಡ್ ರಸೆಲ್ ವಾಲೇಸ್ ಸಂಗ್ರಹಿಸಿದ ಹಕ್ಕಿಗಳೂ ಇದ್ದವು. ಯಾಕೆ ಕದ್ದ? ಫ್ಲೈ ಕಟ್ಟೋದಕ್ಕೆ, ಫ್ಲೈ ಕಟ್ಟೋರಿಗೆ ಮಾರೋದಕ್ಕೆ.

ಮಾವನ ಫೋನು

ಇದೆಲ್ಲ ಓದೋ ಮೊದಲೇ ನಾನು ಊರಿಗೆ ಫೋನ್ ಮಾಡಿದ್ದೆ. ಮಾವನಿಗೆ ವಿಷಯ ಹೇಳಿದೆ. ಅವರು ನಕ್ಕುಬಿಟ್ಟರು. “ಎರಡು ಗರಿ ತಾನೆ ಮಾರಾಯ? ಅಜ್ಜನ ಕಾಲದ ಪಂಚಾಂಗದೊಳಗೆ ಇಟ್ಟಿದ್ದು ಇದೆ. ಕೊರಿಯರ್ ಮಾಡ್ತೀನಿ ತಗೋ.”

ನಿಜ ಹೇಳ್ತೀನಿ, ಆಸೆ ಆಯಿತು. ಯಾರೂ ಕೊಂದು ತಂದದ್ದಲ್ಲ, ಎಂದೋ ಕಾಡಲ್ಲಿ ಬಿದ್ದು ಸಿಕ್ಕಿದ್ದು. ಆದರೆ ವಾರಗಟ್ಟಲೆ ಈ ಚರಿತ್ರೆ ಓದಿದ ಮೇಲೆ ಆ ಮಾತು ತಲೆಯಿಂದ ಹೋಗಲಿಲ್ಲ. ಪಾಕಪಟ್ಟಿಯಲ್ಲೂ ಅದೇ ಇರೋದು: ಎರಡು ಗರಿ. ಪ್ರತಿಯೊಬ್ಬ ಶೋಕಿಗಾರನೂ ಕೇಳಿದ್ದು ಎರಡೇ ಗರಿ. ಲೆಕ್ಕ ಕೂಡಿಸುತ್ತಾ ಹೋದರೆ ಒಂದು ಕಾಡು ಖಾಲಿ ಆಗುತ್ತೆ. ಜೊತೆಗೆ, ನನ್ನ ಫ್ಲೈ ನೋಡಿ ಇನ್ನೊಬ್ಬ “ಎಲ್ಲಿ ಸಿಕ್ಕಿತು?” ಅಂತ ಕೇಳ್ತಾನೆ. ಗರಿಗೆ ಬೆಲೆ ಹುಟ್ಟೋದು ಆ ಪ್ರಶ್ನೆಯಿಂದ.

ಮತ್ತೆ ಫೋನ್ ಮಾಡಿ, “ಬೇಡ ಮಾವ, ಪಂಚಾಂಗದಲ್ಲೇ ಇರಲಿ” ಅಂದೆ. ಈಗ ನಾನು ಮಾಡೋದು ಇಷ್ಟು: ಕೋಳಿ ಅಂಗಡಿಯ ಕಪ್ಪು ಗರಿಯನ್ನು ತೊಳೆದು ಒಣಗಿಸಿ, ಬೆಂಕಿಕಡ್ಡಿಯ ತುದಿಯಿಂದ ಬಿಳಿ ನೇಲ್ ಪಾಲಿಶ್‌ನ ಒಂದು ತೊಟ್ಟು, ಅದು ಒಣಗಿದ ಮೇಲೆ ಹಳದಿಯ ಇನ್ನೊಂದು ತೊಟ್ಟು. ಹುಸಿಹುಳಕ್ಕೆ ಹುಸಿಗರಿ.

ಹೊಳೆಯಲ್ಲಿ ಉಳಿದಿದ್ದು

ಗಾಳದ ಇನ್ನೊಂದು ತುದಿಯ ಕಥೆಯನ್ನೂ ಹೇಳಬೇಕು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಹಿಡಿದರು. ಸುಮಾರು 54 ಕೆ.ಜಿ.! ಕಾವೇರಿ ಕಣಿವೆಯ ಆ ಗೂನುಬೆನ್ನಿನ ಮಹಶೀರ್ ಜಗತ್ಪ್ರಸಿದ್ಧ. ಆದರೂ ಅದರ ಸರಿಯಾದ ವೈಜ್ಞಾನಿಕ ಹೆಸರು ‘ಟಾರ್ ರೆಮಾದೇವಿ’ ಅಂತ ಗೊತ್ತಾಗಿದ್ದು 2018ರಲ್ಲಿ, ಥಾಮಸ್ ಪುಸ್ತಕ ಬಂದು 145 ವರ್ಷ ಆದ ಮೇಲೆ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಇವೆಲ್ಲದರ ಜೊತೆಗೆ, ಬೇರೆ ಹೊಳೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟದ್ದೂ ಒಂದು ಕಾರಣ.

ಇದು ಬೆಳಕಿಗೆ ಬಂದದ್ದು ಹೇಗೆ? ಗಾಲಿಬೋರೆಯಲ್ಲಿ ಗಾಳ ಹಾಕಿ, ಹಿಡಿದ ಮೀನನ್ನು ವಾಪಸ್ ಹೊಳೆಗೆ ಬಿಡುತ್ತಿದ್ದವರು ಬರೆದಿಟ್ಟ ಲೆಕ್ಕದಿಂದ. 1998ರಿಂದ 2012ರವರೆಗಿನ ಆ ದಾಖಲೆಗಳಲ್ಲಿ ಗೂನುಬೆನ್ನಿನ ಮೀನು ಕಡಿಮೆಯಾಗುತ್ತಾ, ಹೊರಗಿಂದ ಬಂದದ್ದು ಹೆಚ್ಚಾಗುತ್ತಾ ಹೋಗಿದ್ದು ಕಾಣಿಸಿತು. ಶೋಕಿಯ ಪುಸ್ತಕದಲ್ಲಿ ಗೀಚಿದ ಅಂಕಿಗಳೇ ಒಂದು ಮೀನಿನ ಪರ ಸಾಕ್ಷಿ ಹೇಳಿದವು.

ಅದಕ್ಕೇ ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಈವರೆಗೆ ಮೀನು: ಸೊನ್ನೆ. ಫ್ಲೈ: ಇಪ್ಪತ್ತಮೂರು. ಎಲ್ಲದರ ತುದಿಯ ಎದುರುಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದೇನೆ, ಯಾವತ್ತಾದರೂ ಮೀನು ಸಿಕ್ಕರೆ ಗಾಯವಾಗದೆ ಬಿಡಿಸೋಕೆ. ಸದ್ಯಕ್ಕೆ ಟೆರೇಸಿನ ಮೇಲೆ ನೂಲು ಬೀಸೋದು ಕಲಿಯುತ್ತಿದ್ದೇನೆ. ಹೋದ ಭಾನುವಾರ ಪಕ್ಕದ ಮನೆಯ ಪಾಟಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದು ಸಿಕ್ಕಿಕೊಂಡಿತು. ಅವರು ಬಿಡಿಸಿ ಕೈಯಲ್ಲಿ ಹಿಡಿದು ನೋಡಿ, “ಪೂಚ್ಚಿಯಾ?” ಅಂತ ಕೇಳಿದರು. ಹುಳ ಅಂತ ನಂಬಿದ ಮೊದಲ ಜೀವ ಅವರೇ.

ನಿಮ್ಮ ಊರಿನ ಹೊಳೆಯಲ್ಲಿ ಹಿಂದೆ ಇದ್ದು ಈಗ ಕಾಣದ ಮೀನು ಯಾವುದು? ಅದನ್ನು ಅಲ್ಲಿ ಏನಂತ ಕರೀತಿದ್ದರು? ಮನೆಯ ಹಿರಿಯರನ್ನು ಕೇಳಿ ಬರೆದು ಕಳಿಸಿ. ಆ ಹೆಸರುಗಳಿಂದಲೇ ಮುಂದಿನ ಮಾತು ಶುರು ಮಾಡೋಣ.