ಗೇಮ್ ರೆಕಾರ್ಡಿಂಗ್ ತಡವರಿಸುತ್ತಿದೆಯೇ? ಹೊಸ ಕಾರ್ಡ್ ಕೊಳ್ಳುವ ಮೊದಲು ಈ ಮೂರು ಅಂಕಿ ನೋಡಿ

ಆಡುವಾಗ ಗೇಮ್ ಸರಾಗವಾಗಿ ಓಡುತ್ತದೆ. ರೆಕಾರ್ಡ್ ಆದ ವಿಡಿಯೊ ಹಾಕಿ ನೋಡಿದರೆ ಮಾತ್ರ ಜರ್ಕ್ ಮೇಲೆ ಜರ್ಕ್. ಗೆಳೆಯರನ್ನು ಕೇಳಿದರೆ ಸಿಗುವ ಉತ್ತರ ಒಂದೇ: ‘ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ಸು.’ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗ ಹುಡುಗಿಯರಿಗೆ ಇದು ದುಬಾರಿ ಉತ್ತರ. ಕಾರ್ಡಿಗಾಗಿ ಬೆಳಗಾವಿಗೋ ಕೊಲ್ಹಾಪುರಕ್ಕೋ ಸಾಂಗ್ಲಿಗೋ ಹೋಗಿ, ಸಾವಿರಾರು ರೂಪಾಯಿ ಸುರಿದು ಬಂದ ಮೇಲೂ ಜರ್ಕ್ ಹಾಗೇ ಉಳಿಯಬಹುದು. ಯಾಕೆಂದರೆ ನಾವೆಲ್ಲ ‘ಫ್ರೇಮ್ ಡ್ರಾಪ್’ ಎನ್ನುವ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಎರಡಕ್ಕೆ ಮದ್ದು ಬಹುತೇಕ ಪುಕ್ಕಟೆ. ಮೂರನೆಯದು ನಿಮ್ಮ ಪಿಸಿಯ ತಪ್ಪೇ ಅಲ್ಲ.

ಮೊದಲು ರೋಗ ಯಾವುದು ನೋಡಿ

ಹೆಚ್ಚಿನವರು ಬಳಸುವ ಒಬಿಎಸ್ ಸ್ಟುಡಿಯೋ ಉಚಿತ, ಮುಕ್ತ ತಂತ್ರಾಂಶ. ಅದರ ವ್ಯೂ ಅಥವಾ ಡಾಕ್ಸ್ ಮೆನುವಿನಲ್ಲಿ ‘ಸ್ಟ್ಯಾಟ್ಸ್’ ಅಂತ ಇರುತ್ತದೆ. ಅದನ್ನು ತೆರೆದಿಟ್ಟು ಐದು ನಿಮಿಷ ಆಡಿ, ರೆಕಾರ್ಡ್ ಮಾಡಿ. ಯಾವ ಅಂಕಿ ಏರುತ್ತಿದೆ ನೋಡಿ:

1. ರೆಂಡರಿಂಗ್ ಲ್ಯಾಗ್: ಗ್ರಾಫಿಕ್ಸ್ ಕಾರ್ಡಿಗೆ ಉಸಿರಾಡಲು ಬಿಡುವಿಲ್ಲ.
2. ಎನ್‌ಕೋಡಿಂಗ್ ಲ್ಯಾಗ್: ಚಿತ್ರವನ್ನು ಕುಗ್ಗಿಸಿ ವಿಡಿಯೊ ಮಾಡುವ ಕೆಲಸ ಹಿಂದೆ ಬೀಳುತ್ತಿದೆ.
3. ಡ್ರಾಪ್ಡ್ ಫ್ರೇಮ್ಸ್: ಲೈವ್ ಮಾಡುವಾಗ ಇಂಟರ್ನೆಟ್ ಸಾಲುತ್ತಿಲ್ಲ. ಬರೀ ರೆಕಾರ್ಡಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ.

ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಆ ಫ್ರೇಮ್ ಹೋಯ್ತು. 30ಕ್ಕೆ ಇಳಿಸಿದರೆ ಗಡುವು 33.3 ಮಿಲಿಸೆಕೆಂಡ್ ಆಗುತ್ತದೆ. ಮುಂದಿನ ಮದ್ದುಗಳೆಲ್ಲ ಈ ಗಡುವಿನೊಳಗೆ ಕೆಲಸ ಮುಗಿಸುವ ದಾರಿಗಳೇ.

ರೆಂಡರಿಂಗ್ ಲ್ಯಾಗ್ ಏರುತ್ತಿದ್ದರೆ

ಗೇಮ್ ಇಡೀ ಕಾರ್ಡನ್ನು ತಿಂದುಹಾಕಿದರೆ ಒಬಿಎಸ್‌ಗೆ ಪಾಳಿ ಸಿಗುವುದಿಲ್ಲ. ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ಮಿತಿ ಹಾಕಿ. 60ರಲ್ಲಿ ರೆಕಾರ್ಡ್ ಮಾಡುವುದಾದರೆ ಗೇಮ್ ಕೂಡ 60ಕ್ಕೆ ನಿಲ್ಲಲಿ. ನೆರಳು, ಪ್ರತಿಫಲನಗಳ ಗುಣಮಟ್ಟ ಒಂದು ಹಂತ ಇಳಿಸಿ. ಒಬಿಎಸ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆದರೆ ಕಾರ್ಡ್ ಬಳಕೆಯಲ್ಲಿ ಅದಕ್ಕೆ ಆದ್ಯತೆ ಸಿಗುತ್ತದೆ. ಹಿನ್ನೆಲೆಯಲ್ಲಿ ಇನ್ನೊಂದು ರೆಕಾರ್ಡರ್ ಓಡುತ್ತಿದೆಯೇ ನೋಡಿ ನಿಲ್ಲಿಸಿ. ವಿಂಡೋಸ್‌ನ ಗೇಮ್ ಬಾರ್ ಅಥವಾ ಎನ್ವಿಡಿಯಾದ ಇನ್‌ಸ್ಟಂಟ್ ರಿಪ್ಲೇ ಎಷ್ಟೋ ಸಲ ಗೊತ್ತಿಲ್ಲದೇ ಚಾಲೂ ಇರುತ್ತವೆ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಆಡಿ. ಬ್ಯಾಟರಿ ಮೇಲೆ ಕಾರ್ಡಿನ ವೇಗ ತಾನಾಗಿಯೇ ಇಳಿಯುತ್ತದೆ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ‘ಗೇಮ್ ಕ್ಯಾಪ್ಚರ್’ ಬಳಸುವಾಗ ಗೇಮ್ ಮತ್ತು ಒಬಿಎಸ್ ಎರಡೂ ಒಂದೇ ಕಾರ್ಡಿನ ಮೇಲೆ ಓಡಬೇಕು.

ಎನ್‌ಕೋಡಿಂಗ್ ಲ್ಯಾಗ್ ಏರುತ್ತಿದ್ದರೆ

ಔಟ್‌ಪುಟ್ ಸೆಟ್ಟಿಂಗ್ಸ್‌ನಲ್ಲಿ ಎನ್‌ಕೋಡರ್ ‘ಎಕ್ಸ್264’ ಎಂದಿದ್ದರೆ ಇಡೀ ಭಾರ ಪ್ರೊಸೆಸರ್ ಮೇಲಿದೆ ಎಂದರ್ಥ. ಅದೇ ಪ್ರೊಸೆಸರ್ ಗೇಮನ್ನೂ ಓಡಿಸಬೇಕಲ್ಲ? ಎನ್ವಿಡಿಯಾದ ಎನ್‌ವೆಂಕ್, ಎಎಂಡಿಯ ಎಎಂಎಫ್, ಇಂಟೆಲ್‌ನ ಕ್ವಿಕ್ ಸಿಂಕ್, ಇವು ಈ ಕೆಲಸಕ್ಕೆಂದೇ ಚಿಪ್ಪಿನೊಳಗೆ ಕೊಟ್ಟಿರುವ ಪ್ರತ್ಯೇಕ ಯಂತ್ರಗಳು. ಜಿಟಿಎಕ್ಸ್ 1050ರಂಥ ಹಳೆಯ ಕಾರ್ಡಿನಲ್ಲೂ ಎನ್‌ವೆಂಕ್ ಇದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಲ್ಲಿ ಎಚ್ಚರ. ಜಿಟಿ 1030ರಲ್ಲಿ ಎನ್‌ವೆಂಕ್ ಇಲ್ಲ. ಎಎಂಡಿಯ ಆರ್‌ಎಕ್ಸ್ 6400, 6500 ಎಕ್ಸ್‌ಟಿ ಕಾರ್ಡುಗಳಲ್ಲೂ ಎನ್‌ಕೋಡರ್ ಇಲ್ಲ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ (ಉದಾಹರಣೆಗೆ 12400ಎಫ್) ಒಳಗ್ರಾಫಿಕ್ಸ್ ಇರುವುದಿಲ್ಲ, ಹಾಗಾಗಿ ಕ್ವಿಕ್ ಸಿಂಕ್ ಕೂಡ ಇಲ್ಲ. ‘ಹೊಸದು, ಕಡಿಮೆ ರೇಟು’ ಅಂತ ಇವನ್ನು ತಂದರೆ ಆಟ ಆಡಬಹುದು, ರೆಕಾರ್ಡಿಂಗ್ ಮತ್ತೆ ಪ್ರೊಸೆಸರ್ ತಲೆಗೇ ಬರುತ್ತದೆ.

ಪ್ರೊಸೆಸರ್ ಬಿಟ್ಟರೆ ಬೇರೆ ದಾರಿಯೇ ಇಲ್ಲವೆಂದರೆ ಎಕ್ಸ್264ರ ಪ್ರಿಸೆಟ್ ‘ವೆರಿಫಾಸ್ಟ್’ ಅಥವಾ ಅದಕ್ಕಿಂತ ವೇಗದ್ದು ಇರಲಿ. 1080ಪಿ 60 ಫ್ರೇಮ್ ಬದಲು 720ಪಿ 30 ಫ್ರೇಮ್ ಇಟ್ಟರೆ ಸೆಕೆಂಡಿಗೆ ನಿಭಾಯಿಸಬೇಕಾದ ಪಿಕ್ಸೆಲ್‌ಗಳು ನಾಲ್ಕೂವರೆ ಪಟ್ಟು ಕಡಿಮೆಯಾಗುತ್ತವೆ. ಸೊಗಸಿಲ್ಲ ಅನಿಸಬಹುದು. ಆದರೆ ತಡವರಿಸುವ 1080ಪಿಗಿಂತ ನೆಟ್ಟಗೆ ಓಡುವ 720ಪಿಯನ್ನು ಜನ ಪೂರ್ತಿ ನೋಡುತ್ತಾರೆ.

ಅಂಕಿ ಸೊನ್ನೆ, ಆದರೂ ಜರ್ಕ್

ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಗೇಮೇ ಎಡವಲು ಶುರುವಾದರೆ ಶಾಖವನ್ನು ಅನುಮಾನಿಸಿ. ಚಿಪ್ ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ತಗಡಿನ ಮಾಳಿಗೆಯ ಕೋಣೆ ಹೇಗಿರುತ್ತದೆ ಎಂದು ಅಥಣಿಯವರಿಗೆ ಹೇಳಬೇಕಿಲ್ಲ. ಫ್ಯಾನಿನ ಧೂಳು ತೆಗೆಯಿರಿ, ಕ್ಯಾಬಿನೆಟ್ಟನ್ನು ಗೋಡೆಯಿಂದ ದೂರ ಸರಿಸಿ, ಹಳೆಯ ಪಿಸಿ ಆದರೆ ಥರ್ಮಲ್ ಪೇಸ್ಟ್ ಬದಲಿಸಿ.

8 ಜಿಬಿಯ ಒಂದೇ ರ್‍ಯಾಮ್ ಕಡ್ಡಿ ಇದ್ದರೆ, ಅಂಥದ್ದೇ ಇನ್ನೊಂದನ್ನು ಜೋಡಿಸುವುದು ಕಾರ್ಡಿಗಿಂತ ಎಷ್ಟೋ ಅಗ್ಗದ ಸುಧಾರಣೆ. ಎರಡು ಕಡ್ಡಿ ಇದ್ದಾಗ ರ್‍ಯಾಮ್ ಎರಡು ದಾರಿಯಲ್ಲಿ ಕೆಲಸ ಮಾಡುತ್ತದೆ. ಒಳಗ್ರಾಫಿಕ್ಸ್ ಇರುವ ಪಿಸಿಗಳಿಗೆ ಇದರ ಲಾಭ ಹೆಚ್ಚು. ಹಾಗೆಯೇ ವಿಂಡೋಸ್, ಗೇಮ್, ರೆಕಾರ್ಡಿಂಗ್ ಮೂರೂ ಒಂದೇ ಹಳೆಯ ಹಾರ್ಡ್‌ಡಿಸ್ಕ್ ಮೇಲೆ ಬೇಡ. 20 ಎಂಬಿಪಿಎಸ್ ರೆಕಾರ್ಡಿಂಗ್ ಒಂದು ತಾಸಿಗೆ ಸುಮಾರು 9 ಜಿಬಿ ಬರೆಯುತ್ತದೆ. ವೇಗದ ದೃಷ್ಟಿಯಿಂದ ಅದು ದೊಡ್ಡದಲ್ಲ. ಮೂವರು ಒಂದೇ ಬಾಗಿಲಲ್ಲಿ ನುಗ್ಗುವುದೇ ತೊಂದರೆ.

ಕರೆಂಟ್ ಹೋದರೆ

ಇದು ನಮ್ಮ ಭಾಗದ ಪ್ರತ್ಯೇಕ ಅಧ್ಯಾಯ. ಎಂಪಿ4 ಫೈಲ್ ತನ್ನ ಸೂಚಿಯನ್ನು ಕೊನೆಯಲ್ಲಿ ಬರೆದುಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ ಇಡೀ ಫೈಲ್ ತೆರೆಯುವುದಿಲ್ಲ, ಎರಡು ತಾಸಿನ ಆಟ ಮಣ್ಣುಪಾಲು. ರೆಕಾರ್ಡಿಂಗ್ ಫಾರ್ಮ್ಯಾಟನ್ನು ಎಂಕೆವಿ ಮಾಡಿ. ಕರೆಂಟ್ ಹೋದ ಕ್ಷಣದವರೆಗಿನದು ಉಳಿಯುತ್ತದೆ. ಎಡಿಟಿಂಗ್‌ಗೆ ಎಂಪಿ4 ಬೇಕಾದಾಗ ಫೈಲ್ ಮೆನುವಿನ ‘ರೀಮಕ್ಸ್ ರೆಕಾರ್ಡಿಂಗ್ಸ್’ನಿಂದ ಗುಣಮಟ್ಟ ಕಳೆಯದೆ ಬದಲಿಸಬಹುದು. ಪಂಪ್‌ಸೆಟ್ ಲೈನಿನಲ್ಲಿರುವ ತೋಟದ ಮನೆಯವರು ಒಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳುವುದೇ ಲೇಸು.

ಮೂರನೇ ಅಂಕಿಯ ರಾಜಕಾರಣ

ಈಗ ಡ್ರಾಪ್ಡ್ ಫ್ರೇಮ್ಸ್. ವೈಫೈ ಬಿಟ್ಟು ಕೇಬಲ್ ಹಾಕಿ. ಸ್ಪೀಡ್ ಟೆಸ್ಟಿನಲ್ಲಿ ಡೌನ್‌ಲೋಡ್ ಬಿಟ್ಟು ಅಪ್‌ಲೋಡ್ ಅಂಕಿ ನೋಡಿ, ಅದರ ಮುಕ್ಕಾಲು ಭಾಗ ಮೀರದಂತೆ ಬಿಟ್‌ರೇಟ್ ಇಡಿ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ದಟ್ಟಣೆಗೆ ತಕ್ಕಂತೆ ಬಿಟ್‌ರೇಟ್ ಬದಲಿಸುವ ಆಯ್ಕೆಯನ್ನು ಚಾಲೂ ಮಾಡಿ. ನಿಮ್ಮ ಕೈಲಿರುವುದು ಬಹುತೇಕ ಇಷ್ಟೇ.

ಇದರಾಚೆ ಇರುವುದು ಸರ್ಕಾರದ ಕೈಲಿ. 2023ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಬ್ರಾಡ್‌ಬ್ಯಾಂಡ್‌ನ ವ್ಯಾಖ್ಯೆಯನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಆದರೆ ಆ 2 ಎಂಬಿಪಿಎಸ್ ಡೌನ್‌ಲೋಡ್ ವೇಗ. ಅಪ್‌ಲೋಡ್ ಎಷ್ಟಿರಬೇಕು ಎಂಬುದಕ್ಕೆ ಅದರಲ್ಲಿ ಕನಿಷ್ಠ ಮಿತಿಯೇ ಇಲ್ಲ. 720ಪಿ 30 ಫ್ರೇಮ್ ಲೈವ್‌ಗೆ ಸುಮಾರು 4 ಎಂಬಿಪಿಎಸ್ ಅಪ್‌ಲೋಡ್ ಬೇಕು. ಅಂದರೆ ಕಾಗವಾಡದ ಒಂದು ಮನೆ ಕಾಗದದ ಮೇಲೆ ‘ಬ್ರಾಡ್‌ಬ್ಯಾಂಡ್ ಇರುವ ಮನೆ’ ಆಗಿಯೂ, ಅಲ್ಲಿಂದ ಒಂದು ಲೈವ್ ಹೊರಡದೇ ಇರಬಹುದು. ಈ ವ್ಯಾಖ್ಯೆಯ ಪ್ರಕಾರ ನಾವು ನೋಡುವವರು. ಮಾಡುವವರ ಲೆಕ್ಕ ಅದರಲ್ಲಿಲ್ಲ.

ಗಡಿ ಭಾಗದ ಕನ್ನಡ ಸುದ್ದಿಯಾಗುವುದು ಹೆಚ್ಚಾಗಿ ನಾಮಫಲಕದ ಜಗಳದಲ್ಲಿ. ನಡುನಡುವೆ ಮರಾಠಿ ಬೆರೆಸಿಕೊಂಡು, ನಗಿಸುತ್ತ, ಬೈಯುತ್ತ ಗೇಮ್ ಆಡಿಸುವ ಹುಡುಗಿಯ ಕನ್ನಡವೂ ಈ ಗಡಿಯದ್ದೇ. ಅದು ಹೊರಗೆ ಕೇಳಿಸಬೇಕಾದರೆ ಅಪ್‌ಲೋಡ್ ಬೇಕು. ಗ್ರಾಮಸಭೆಯಲ್ಲಿ ಭಾರತ್‌ನೆಟ್ ವಿಷಯ ಬಂದಾಗ, ವೋಟು ಕೇಳಲು ಬಂದವರು ‘ಡಿಜಿಟಲ್’ ಎಂದಾಗ ಕೇಳಬೇಕಾದ ಪ್ರಶ್ನೆ ಇದು: ‘ಸಾಹೇಬ್ರ, ನಮ್ಮೂರಿಂದ ಮೇಲಕ್ಕೆ ಎಷ್ಟು ಎಂಬಿಪಿಎಸ್ ಹೋಗ್ತೈತ್ರಿ?’