ಕೈಪಟ್ಟಿ ತೋರುವ ಕ್ಯಾಲೊರಿ ಎಷ್ಟು ನಿಜ?

ಬೆಳಗಿನ ನಡಿಗೆಗೆ ಹೊರಡುವವರ ಮಣಿಕಟ್ಟಿನಲ್ಲಿ ಫಿಟ್‌ನೆಸ್ ಬ್ಯಾಂಡ್ ಅಥವಾ ಸ್ಮಾರ್ಟ್ ವಾಚ್ ಈಗ ಸಾಮಾನ್ಯವಾಗಿದೆ. ಹೆಜ್ಜೆಗಳ ಸಂಖ್ಯೆ, ಹೃದಯ ಬಡಿತ ಹಾಗೂ ವ್ಯಯವಾದ ಕ್ಯಾಲೊರಿ ಇವು ಅದರ ಪರದೆಯ ಮೇಲೆ ಒಟ್ಟಿಗೆ ಮೂಡುತ್ತವೆ. ಆದರೆ ಮೂರೂ ಒಂದೇ ಬಗೆಯ ಅಂಕಿಗಳಲ್ಲ. ಮೊದಲೆರಡನ್ನು ಸಾಧನ ದೇಹದ ಚಲನೆ ಮತ್ತು ನಾಡಿಯಿಂದ ಎಣಿಸುತ್ತದೆ. ಮೂರನೆಯದು ಕೇವಲ ಅಂದಾಜು. ಈ ಅಂದಾಜನ್ನೇ ನಂಬಿ ಊಟದ ಪ್ರಮಾಣವನ್ನು ನಿರ್ಧರಿಸುವವರು ಇದರ ಹಿಂದಿನ ಲೆಕ್ಕಾಚಾರವನ್ನು ತಿಳಿದಿರುವುದು ಅಗತ್ಯ.

ಲೆಕ್ಕ ಹೇಗೆ?

ಸಾಧನದೊಳಗಿನ ಆಕ್ಸೆಲೆರೊಮೀಟರ್ ಕೈಯ ಚಲನೆಯನ್ನು ಗುರುತಿಸುತ್ತದೆ. ಹಿಂಬದಿಯ ಹಸಿರು ಬೆಳಕು ಚರ್ಮದ ಮೇಲೆ ಬಿದ್ದಾಗ ರಕ್ತ ಅದನ್ನು ಹೀರಿಕೊಳ್ಳುವ ಪ್ರಮಾಣದಲ್ಲಾಗುವ ಏರಿಳಿತದಿಂದ ನಾಡಿಬಡಿತ ತಿಳಿಯುತ್ತದೆ. ಈ ಮಾಹಿತಿಗೆ ಬಳಕೆದಾರರ ವಯಸ್ಸು, ಲಿಂಗ, ಎತ್ತರ ಮತ್ತು ತೂಕವನ್ನು ಸೇರಿಸಿ, ಕಂಪನಿ ತನ್ನದೇ ಸೂತ್ರದ ಮೂಲಕ ಕ್ಯಾಲೊರಿಯನ್ನು ಲೆಕ್ಕ ಹಾಕುತ್ತದೆ.

ಪ್ರಯೋಗಾಲಯದ ವಿಧಾನ ಬೇರೆ. ಅಲ್ಲಿ ಮುಖಕ್ಕೆ ಮಾಸ್ಕ್ ತೊಡಿಸಿ, ಬಳಕೆಯಾದ ಆಮ್ಲಜನಕವನ್ನು ಅಳೆಯಲಾಗುತ್ತದೆ. ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕ್ಯಾಲೊರಿ ಎಂಬುದು ಲೆಕ್ಕ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಏಳು ಸಾಧನಗಳನ್ನು 60 ಸ್ವಯಂಸೇವಕರ ಮೇಲೆ ಹೀಗೆ ಪರೀಕ್ಷಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಹೃದಯ ಬಡಿತದಲ್ಲಿ ಆರು ಸಾಧನಗಳ ದೋಷ ಶೇ. 5ರ ಮಿತಿಯೊಳಗಿತ್ತು. ಕ್ಯಾಲೊರಿಯಲ್ಲಿ ಮಾತ್ರ ಅತ್ಯಂತ ನಿಖರವೆನಿಸಿದ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತು, ಕೊನೆಯ ಸ್ಥಾನದಲ್ಲಿದ್ದುದರ ದೋಷ ಶೇ. 93. ಆ ಬಳಿಕ ಹೊಸ ಮಾದರಿಗಳು ಬಂದಿದ್ದರೂ ಮಣಿಕಟ್ಟಿನ ಸಾಧನಗಳು ಆಮ್ಲಜನಕದ ಬಳಕೆಯನ್ನು ನೇರವಾಗಿ ಅಳೆಯುವುದಿಲ್ಲ.

ತಪ್ಪುವುದೆಲ್ಲಿ?

ಸೈಕಲ್ ತುಳಿಯುವಾಗ ಕಾಲು ದುಡಿಯುತ್ತದೆ, ಕೈ ಹ್ಯಾಂಡಲ್ ಮೇಲೆ ನಿಶ್ಚಲವಾಗಿರುತ್ತದೆ. ಭಾರ ಎತ್ತುವಾಗ ಮುಷ್ಟಿ ಬಿಗಿಯುವುದರಿಂದ ನಾಡಿಯ ಓದು ಕೆಡಬಹುದು. ಆತಂಕದಿಂದಲೂ ಬಡಿತ ಏರುತ್ತದೆ, ಆದರೆ ಅದು ವ್ಯಾಯಾಮವಲ್ಲ. ಬೀಟಾ ಬ್ಲಾಕರ್ ಮಾತ್ರೆ ಸೇವಿಸುವ ರಕ್ತದೊತ್ತಡದ ರೋಗಿಗಳಲ್ಲಿ ಬಡಿತವೇ ತಗ್ಗಿರುವುದರಿಂದ ಲೆಕ್ಕ ಇನ್ನಷ್ಟು ಏರುಪೇರಾಗುತ್ತದೆ.

ಮೈಕಟ್ಟಿನ ವ್ಯತ್ಯಾಸವೂ ಮುಖ್ಯ. ಅಂತರರಾಷ್ಟ್ರೀಯ ಸೂತ್ರಗಳು ಭಾರತೀಯರ ವಿಶ್ರಾಂತ ಸ್ಥಿತಿಯ ಶಕ್ತಿವ್ಯಯವನ್ನು ವಾಸ್ತವಕ್ಕಿಂತ ಹೆಚ್ಚಾಗಿ ಅಂದಾಜಿಸುತ್ತವೆ ಎಂಬುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1990ರ ದಶಕದಲ್ಲೇ ತೋರಿಸಿದ್ದರು.

ತಾಳೆ ನೋಡಲು ಸರಳ ಲೆಕ್ಕ

ವಿಶ್ರಾಂತಿಯಲ್ಲಿರುವ ದೇಹ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಸುಮಾರು 1 ಕ್ಯಾಲೊರಿ ಬಳಸುತ್ತದೆ. ಇದಕ್ಕೆ 1 'ಮೆಟ್' ಎಂದು ಹೆಸರು. ಗಂಟೆಗೆ 5 ಕಿ.ಮೀ. ವೇಗದ ನಡಿಗೆ ಸುಮಾರು 3.5 ಮೆಟ್. 60 ಕಿಲೋ ತೂಕದವರು 45 ನಿಮಿಷ ನಡೆದರೆ 3.5 × 60 × 0.75, ಅಂದರೆ ಸುಮಾರು 158 ಕ್ಯಾಲೊರಿ. ಸುಮ್ಮನೆ ಕುಳಿತಿದ್ದರೂ ವ್ಯಯವಾಗುತ್ತಿದ್ದ 45 ಕ್ಯಾಲೊರಿಯನ್ನು ಕಳೆದರೆ ನಡಿಗೆಯ ನಿಜವಾದ ಗಳಿಕೆ 113. ಶೇ. 27ರ ದೋಷವಿರುವ ಸಾಧನ ಇದೇ ನಡಿಗೆಗೆ 115 ಎಂದೂ ತೋರಬಹುದು, 200 ಎಂದೂ ತೋರಬಹುದು. ನೂರಕ್ಕೆ ಬದಲು ಇನ್ನೂರನ್ನು 'ಕರಗಿಸಿದ' ಲೆಕ್ಕದಲ್ಲಿ ದಿನವೂ ಹೆಚ್ಚುವರಿಯಾಗಿ ತಿನ್ನುವವರ ತೂಕ ಇಳಿಯದಿರುವುದರಲ್ಲಿ ಆಶ್ಚರ್ಯವಿಲ್ಲ.

ನಿಖರತೆ ಹೆಚ್ಚಿಸಲು

* ತೂಕ, ವಯಸ್ಸು, ಎತ್ತರವನ್ನು ಸರಿಯಾಗಿ ದಾಖಲಿಸಬೇಕು. ತೂಕ ಬದಲಾದಾಗ ತಿದ್ದಬೇಕು.
* ವ್ಯಾಯಾಮದ ವೇಳೆ ಪಟ್ಟಿ ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳಿನಷ್ಟು ಮೇಲಿರಲಿ, ಅಲುಗಾಡದಷ್ಟು ಬಿಗಿಯಾಗಿರಲಿ.
* ನಡಿಗೆ, ಓಟ, ಸೈಕ್ಲಿಂಗ್ ಪೈಕಿ ಮಾಡುವ ವ್ಯಾಯಾಮವನ್ನೇ ಸಾಧನದಲ್ಲಿ ಆರಿಸಬೇಕು.
* 'ಆ್ಯಕ್ಟಿವ್' ಮತ್ತು 'ಟೋಟಲ್' ಕ್ಯಾಲೊರಿಗಳು ಬೇರೆಬೇರೆ. ಎರಡನೆಯದರಲ್ಲಿ ವಿಶ್ರಾಂತ ಸ್ಥಿತಿಯ ವ್ಯಯವೂ ಸೇರಿರುತ್ತದೆ.
* ಹೆಚ್ಚಿನ ನಿಖರತೆ ಬೇಕಿರುವ ಓಟಗಾರರು, ಸೈಕಲ್ ಸವಾರರು ಎದೆಪಟ್ಟಿ ಬಳಸಬಹುದು. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಗ್ರಹಿಸುತ್ತದೆ.

ಇಷ್ಟು ಮಾಡಿದರೂ ಅಂದಾಜು ಅಂದಾಜೇ. ಒಂದೇ ಸಾಧನ, ಒಂದೇ ಹಾದಿ, ಒಂದೇ ವೇಗ ಇದ್ದಾಗ ಈ ವಾರದ ಅಂಕಿಯನ್ನು ಕಳೆದ ವಾರದ ಅಂಕಿಯೊಂದಿಗೆ ಹೋಲಿಸುವುದು ಅದರ ಸರಿಯಾದ ಬಳಕೆ. ಆಹಾರದ ಪ್ರಮಾಣ ಸರಿಯಾಗಿದೆಯೇ ಎಂಬುದನ್ನು ಮೂರು-ನಾಲ್ಕು ವಾರಗಳ ತೂಕದ ದಾಖಲೆಯಿಂದ ತಿಳಿಯುವುದು ಲೇಸು. ಮಧುಮೇಹ ಹಾಗೂ ಹೃದ್ರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ಪರದೆಯ ಅಂಕಿಯನ್ನು ನೋಡಿ ಊಟವನ್ನಾಗಲಿ, ಮಾತ್ರೆಯನ್ನಾಗಲಿ ಬದಲಿಸದೆ ವೈದ್ಯರನ್ನು ಕೇಳಬೇಕು.